ಮಗ ಹೊಳಿಗೆ ಇಳೀತೀನಿ ಅಂತಾನ

ನಮ್ಮದು ರಾಮದುರ್ಗ ತಾಲ್ಲೂಕು, ಮಲಪ್ರಭಾ ದಂಡಿ ಮ್ಯಾಲಿನ ಊರು. ನಮ್ಮನಿಯವರು ನೇಕಾರರು. 2019ರ ಆಗಸ್ಟ್‌ನ್ಯಾಗ ಹೊಳಿ ಬಂದಾಗ ಮನ್ಯಾಗ ಎದಿಮಟ ನೀರು ನಿಂತಿತ್ತು. ಎರಡೂ ಮಗ್ಗ ಹಾಳಾದ್ವು, ತಂದಿಟ್ಟ ನೂಲು ರಾಡಿ ಆತು. ಮಾಳಗಿ ಮ್ಯಾಲ ಕುಂತು ರಾತ್ರಿ ಕಳದ್ವಿ. ಮುಂಜಾನೆ ರಬ್ಬರ್ ಬೋಟಿನ್ಯಾಗ ಬಂದು ನಮ್ಮನ್ನ ಕರಕೊಂಡು ಹೋದ್ರು. ಆಗ ಮಗಗ ಹದಿನಾಲ್ಕು ವರ್ಷ. ಇವತ್ತಿಗೂ ನವಿಲುತೀರ್ಥ ಡ್ಯಾಮಿನ ಗೇಟ್ ತಗದಾರ ಅಂತ ಸುದ್ದಿ ಬಂದ್ರ ನನಗ ನಿದ್ದಿ ಬರಂಗಿಲ್ಲ. ಅಂಗಳದಾಗ ನೀರು ಸರದಂಗ ಸಪ್ಪಳ ಕೇಳಿ ಎದ್ದು ಕುಂದರತೇನಿ, ನೋಡಿದ್ರ ಏನೂ ಇರಂಗಿಲ್ಲ.

ಮಗ ಈಗ ಬಿ.ಕಾಂ. ಕಡೀ ವರ್ಷ. ಗೆಳ್ಯಾರ ಜೋಡಿ ದಾಂಡೇಲಿಗೆ ಹೋಗಿ ರಾಫ್ಟಿಂಗ್ ಮಾಡಿ ಬಂದವ ಬ್ಯಾರೇನ ಆಗ್ಯಾನ. ಸೂಟಿ ಬಂದ್ರ ಅಲ್ಲೇ ಹೋಗಿ ರಾಫ್ಟ್ ಹೊರೋದು, ಬಂದವರಿಗೆ ಜಾಕೆಟ್ ಕಟ್ಟೋದು ಮಾಡತಾನ. ‘ನಾ ರಿವರ್ ಗೈಡ್ ಆಗ್ತೀನಿ’ ಅಂತ ಹಟ ಹಿಡದಾನ. ಇಪ್ಪತ್ತೈದು ಸಾವಿರ ಕಟ್ಟಿದ್ರ ಇಪ್ಪತ್ತು ದಿನದಾಗ ಗೈಡ್ ಮಾಡ್ತೀವಿ ಅಂತ ಯಾರೋ ಹೇಳ್ಯಾರಂತ. ಮುಂದ ನವಿಲುತೀರ್ಥದ ಕೆಳಗ ನಮ್ಮ ಹೊಳ್ಯಾಗೂ ರಾಫ್ಟಿಂಗ್ ಚಾಲೂ ಮಾಡ್ತೀನಿ ಅಂತಾನ. ಅವರಪ್ಪ ಮಾತ ಬಿಟ್ಟಾರ. ಹೊಳಿ ನಮ್ಮ ಮಗ್ಗ ತಗೊಂಡ್ ಹೋತು, ಈಗ ಮಗನ್ನೂ ಕೊಡಬೇಕೇನ್ರೀ? ಬ್ಯಾಡಂದ್ರ ಹೇಳದಂಗ ಹೋದಾನು ಅನ್ನೋ ಚಿಂತಿ ಬ್ಯಾರೆ. ಏನು ಮಾಡ್ಲಿ?

— ರಾಮದುರ್ಗ ತಾಲ್ಲೂಕಿನ ಒಬ್ಬ ತಾಯಿ

ತಾಯಿ,

ಮೊದಲು ಉತ್ತರ ಹೇಳುತ್ತೇನೆ, ಕಾರಣ ಆಮೇಲೆ. ಮಗನನ್ನು ತಡೆಯಬೇಡಿ. ಆದರೆ ಆ ಇಪ್ಪತ್ತು ದಿನದ ಕೋರ್ಸಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಡೆಯ ಪರೀಕ್ಷೆ ಬರೆದು ಮುಗಿಸುವ ತನಕ ಅವನು ಹೊರಡುವುದು ಬೇಡ. ನವಿಲುತೀರ್ಥದ ಕೆಳಗೆ ರಾಫ್ಟ್ ಇಳಿಸುವ ಮಾತನ್ನು ಪೂರ್ತಿ ಬಿಡಲಿ. ಹೋಗು ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ನನ್ನಲ್ಲಿರುವ ಕಾರಣ ಒಂದೇ. ಒಳ್ಳೆಯ ಗೈಡ್ ಅಂದರೆ ಯಾವ ದಿನ, ಯಾವ ನೀರಿಗೆ, ಯಾರನ್ನು ಕೂರಿಸಿಕೊಂಡು ಇಳಿಯಬಾರದು ಎಂದು ತಿಳಿದವನು, ಮತ್ತು ಅದನ್ನು ಮಾಲೀಕನ ಎದುರಿಗೇ ಹೇಳಬಲ್ಲವನು. ಅದನ್ನು ಕಲಿಸುವ ಕಡೆಗೆ ಹೋಗುವುದಾದರೆ ನಿಮ್ಮ ಮಗ ಈಗಿರುವುದಕ್ಕಿಂತ ಸುರಕ್ಷಿತನಾಗುತ್ತಾನೆ. ಯಾಕೆಂದರೆ ಅವನು ಈಗಾಗಲೇ ಹೊಳೆಯ ಹತ್ತಿರ ಇದ್ದಾನೆ, ಸೂಟಿಯಲ್ಲೆಲ್ಲ ಅಲ್ಲೇ ಇದ್ದಾನೆ. ತರಬೇತಿ ಇಲ್ಲದೆ ಅಲ್ಲಿರುವುದೇ ನನಗೆ ಹೆಚ್ಚು ಚಿಂತೆಯ ಸಂಗತಿ.

ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ಒಂದು ವಿಷಯ ಗಮನಕ್ಕೆ ಬಂತು. ಮಗನ ಸುದ್ದಿಗಿಂತ ಮೊದಲು ಬಂದದ್ದು 2019ರ ಸುದ್ದಿ. ಮಾಳಿಗೆ, ನೂಲು, ಗೇಟು, ಅಂಗಳದಲ್ಲಿ ಕೇಳುವ ನೀರಿನ ಸಪ್ಪಳ. ಇಷ್ಟು ವರ್ಷದ ಮೇಲೂ ಇಲ್ಲದ ಸಪ್ಪಳಕ್ಕೆ ಎಚ್ಚರವಾಗುವುದು ನಿಮ್ಮ ದೌರ್ಬಲ್ಯವಲ್ಲ. ದೊಡ್ಡ ಆಘಾತವಾದ ಮೇಲೆ ಮನಸ್ಸು ಕಾವಲು ನಿಂತುಬಿಡುತ್ತದೆ, ಅಪಾಯ ಹೋದರೂ ಕಾವಲು ಇಳಿಯುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಹಣವಿಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಮಾತಾಡಬೇಕು ಅನಿಸಿದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಇದನ್ನು ಮಗನ ವಿಷಯ ಬಗೆಹರಿದ ಮೇಲೆ ನೋಡೋಣ ಎಂದು ಮುಂದೂಡಬೇಡಿ. ನಿಮ್ಮ ನಿದ್ದೆ ಸರಿಯಾಗುವುದು ಅವನು ಗೈಡ್ ಆಗುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿಲ್ಲ. ಅವನು ನಾಳೆ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರೂ ಗೇಟ್ ತೆಗೆದ ರಾತ್ರಿ ನೀವು ಎದ್ದು ಕೂರುತ್ತೀರಿ.

ಇನ್ನೊಂದು. ಆ ರಾತ್ರಿ ನಿಮ್ಮ ಪಕ್ಕದಲ್ಲಿ ಹದಿನಾಲ್ಕರ ಹುಡುಗನೂ ಕೂತಿದ್ದ. ಬೆಳಗಾದಾಗ ಬೋಟಿನಲ್ಲಿ ಬಂದವರನ್ನು ಅವನೂ ನೋಡಿದ. ದಾಂಡೇಲಿಗೆ ಹೋಗಿ ಬಂದು ‘ಬೇರೆಯೇ ಆಗಿದ್ದಾನೆ’ ಎಂದು ಬರೆದಿದ್ದೀರಿ. ನನಗನಿಸುವುದು, ಅವನು ಬೇರೆಯಾದದ್ದು ಅದಕ್ಕೂ ಮೊದಲೇ ಇರಬಹುದು. ನನ್ನ ಊಹೆ ತಪ್ಪಿರಲೂಬಹುದು, ನೀವೇ ಕೇಳಿ ನೋಡಿ. ರಾಫ್ಟಿಂಗ್ ಮಾತು ತೆಗೆಯದೆ, ಊಟಕ್ಕೆ ಕೂತಾಗ, ‘ಆವತ್ತು ಬೋಟಿನ್ಯಾಗ ಬಂದವರು ನಿನಗ ನೆನಪದಾರೇನು?’ ಎಂದಷ್ಟೇ ಕೇಳಿ. ಅವನು ಏನು ಹೇಳುತ್ತಾನೋ ಪೂರ್ತಿ ಕೇಳಿಸಿಕೊಳ್ಳಿ. ಮನೆಯಲ್ಲಿ ಯಾರೂ ಆ ರಾತ್ರಿಯ ಬಗ್ಗೆ ಮಾತಾಡುವುದಿಲ್ಲ ಎಂದು ನಿಮ್ಮ ಪತ್ರದಿಂದ ನನಗೆ ತೋರುತ್ತದೆ. ನಿಮ್ಮ ಯಜಮಾನರ ಮೌನ ಮಗನ ಮೇಲಿನ ಸಿಟ್ಟು ಮಾತ್ರ ಅಲ್ಲದಿರಬಹುದು. ಎರಡು ಮಗ್ಗ ಕಣ್ಣೆದುರಿಗೆ ಮುಳುಗಿದ್ದನ್ನು ನೋಡಿದವರು ಅವರು.

ಈಗ ಕೆಲಸದ ಮಾತು. ರಾಫ್ಟಿಂಗ್ ಎಂದರೆ ಏನು ಎಂದು ನಿಮಗೆ ಯಾರೂ ಬಿಡಿಸಿ ಹೇಳಿರಲಿಕ್ಕಿಲ್ಲ. ಮೊಬೈಲ್‌ನಲ್ಲಿ ನೋಡಿದರೆ ಕೂಗಾಟ, ನಗೆ, ಮೈಮೇಲೆ ಎರಚುವ ನೀರು, ಅಷ್ಟೇ ಕಾಣುವುದು. ದಪ್ಪ ರಬ್ಬರಿನ, ಬೇರೆ ಬೇರೆ ಗಾಳಿಕೋಣೆಗಳಿರುವ ತೆಪ್ಪ ಅದು. ಒಂದು ಕೋಣೆ ಹರಿದರೂ ಉಳಿದವು ತೇಲಿಸುತ್ತವೆ. ತಳದಲ್ಲಿ ಒಳಬಂದ ನೀರು ತಾನೇ ಹೊರಹೋಗುವ ರಂಧ್ರಗಳಿರುತ್ತವೆ. ಬಂದವರು ಎರಡೂ ಅಂಚಿಗೆ ಕೂತು ಹುಟ್ಟು ಹಾಕುತ್ತಾರೆ, ಗೈಡ್ ಹಿಂದೆ ಕೂತು ದಿಕ್ಕು ತಿರುಗಿಸುತ್ತ ‘ಫಾರ್ವರ್ಡ್’, ‘ಬ್ಯಾಕ್’, ‘ಸ್ಟಾಪ್’ ಎಂದು ಕೂಗಿ ನಡೆಸುತ್ತಾನೆ. ಹೊಳೆಯ ಅಬ್ಬರವನ್ನು ಜಗತ್ತಿನಲ್ಲೆಲ್ಲ 1ರಿಂದ 6ರವರೆಗೆ ದರ್ಜೆ ಹಾಕಿ ಅಳೆಯುತ್ತಾರೆ. 1 ಅಂದರೆ ಸಣ್ಣ ಅಲೆ, 6 ಅಂದರೆ ಜೀವದ ಮೇಲಿನ ಆಸೆ ಬಿಟ್ಟವರು ಮಾತ್ರ ಇಳಿಯುವಂಥದ್ದು. ದಾಂಡೇಲಿ ಬಳಿಯ ಗಣೇಶಗುಡಿಯ ಕೆಳಗೆ ಕಾಳಿ ನದಿಯಲ್ಲಿ ಸಾಮಾನ್ಯವಾಗಿ ಸಿಗುವುದು 2 ಮತ್ತು 3. ಮಳೆಗಾಲದಲ್ಲಿ ಕೊಡಗಿನ ಬರಪೊಳೆ ಇದಕ್ಕಿಂತ ಒರಟು.

ಗೈಡ್ ಮೊದಲು ಕಲಿಯುವುದು ನೀರು ಓದುವುದನ್ನು. ನಿಮ್ಮ ಯಜಮಾನರು ಮಗ್ಗದ ಸದ್ದು ಕೇಳಿಯೇ ಎಲ್ಲೋ ಎಳೆ ಹರಿದಿದೆ ಎಂದು ತಿಳಿಯುತ್ತಾರಲ್ಲ, ಇದೂ ಅಂಥದೇ ವಿದ್ಯೆ. ಮೇಲೆ ನೊರೆ ಕಂಡರೆ ಕೆಳಗೆ ಏನಿದೆ ಎಂದು ಅವನು ಹೇಳಬೇಕು. ಎರಡು ಸೆಳವುಗಳ ನಡುವೆ ನಯವಾದ ನೀರಿನ ಮೊನೆ ಕೆಳದಿಕ್ಕಿಗೆ ಚಾಚಿಕೊಂಡಿದ್ದರೆ ಅಲ್ಲಿ ದಾರಿ ಇದೆ. ಮೊನೆ ಮೇಲ್ದಿಕ್ಕಿಗೆ ಮುಖ ಮಾಡಿದ್ದರೆ ಅಲ್ಲಿ ಕಲ್ಲಿದೆ. ಬಂಡೆಯ ಮರೆಯಲ್ಲಿ ನೀರು ಹಿಂದಕ್ಕೆ ತಿರುಗಿ ನಿಲ್ಲುವ ಜಾಗ ಇರುತ್ತದೆ, ಬಿದ್ದವರನ್ನು ಎಳೆದುಕೊಂಡು ಉಸಿರಾಡುವುದು ಅಲ್ಲೇ. ನೀರಿನ ಮೇಲೆ ಬಾಗಿದ ಅಥವಾ ಮುಳುಗಿದ ಮರಗಳನ್ನು ಅವನು ಕಲ್ಲಿಗಿಂತ ಹೆಚ್ಚು ಹೆದರಿ ನೋಡಬೇಕು. ಕೊಂಬೆಗಳ ನಡುವೆ ನೀರು ದಾಟಿಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಕಾಳಿಯಲ್ಲಿ ಪೊದೆ, ಮರ ತುಂಬಿದ ನಡುಗಡ್ಡೆಗಳಿವೆ, ಅಲ್ಲಿ ಇದು ದಿನವೂ ನೆನಪಿಡುವ ಪಾಠ. ಸೆಳವಿನ ವೇಗ ಎರಡು ಪಟ್ಟಾದರೆ ಅದು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲಿನ ನೀರು ಅಂತ ಸೆಳವಿನಲ್ಲಿ ಎದ್ದು ನಿಲ್ಲಲು ಹೋದವರ ಪಾದ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿ, ಮೇಲಿನ ನೀರು ಅವರನ್ನು ಮಲಗಿಸಿಬಿಡುತ್ತದೆ. ಅದಕ್ಕೇ ರಾಫ್ಟಿನಿಂದ ಬಿದ್ದವರಿಗೆ ಮೊದಲ ಆಜ್ಞೆ: ಎದ್ದು ನಿಲ್ಲಬೇಡಿ, ಅಂಗಾತ ತೇಲಿ, ಕಾಲು ಮುಂದೆ ಇರಲಿ, ಬೆರಳು ನೀರಿನ ಮೇಲೆ ಕಾಣಲಿ.

ಇಷ್ಟನ್ನು ಯಾಕೆ ಬರೆದೆ ಎಂದರೆ, ಈ ಪಾಠಗಳಲ್ಲಿ ಧೈರ್ಯದ ಮಾತು ಒಂದೂ ಇಲ್ಲ. ಎಲ್ಲವೂ ಯಾವುದಕ್ಕೆ ಹೆದರಬೇಕು ಎಂಬುದರ ವಿವರ. ಹೊಳೆಗೆ ಹೆದರುವ ನಿಮ್ಮ ಬುದ್ಧಿ ಅವನ ವೃತ್ತಿಗೆ ಅಡ್ಡವಲ್ಲ, ಅವನಿಗೆ ಅದು ಬೇಕೇ ಬೇಕು. ನಮ್ಮಲ್ಲಿ ಅಂಬಿಗರು ತಲೆತಲಾಂತರದಿಂದ ಮಾಡಿದ್ದೂ ಇದನ್ನೇ. 12ನೇ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರ ಕಾಯಕ ಜನರನ್ನು ದಡ ಮುಟ್ಟಿಸುವುದು. ಎಂ.ಕೆ. ಹುಬ್ಬಳ್ಳಿಯಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಸ್ಥಳ ಮಲಪ್ರಭೆಯ ನಡುವೆಯೇ ಇದೆ, ಹೊಳೆ ಏರಿದಾಗ ಅಲ್ಲಿಗೆ ಯಾರೂ ಹೋಗುವುದಿಲ್ಲ, ಇಳಿದಾಗ ಹೋಗುತ್ತಾರೆ. ಹೊಳೆಯ ದಂಡೆಯ ಜನರಿಗೆ ಈ ತಾಳ್ಮೆ ಹೊಸದಲ್ಲ.

ಕಾಳಿಯ ಬಗ್ಗೆ ಒಂದು ಮಾತು ನಿಮಗೆ ಬೇಗ ಅರ್ಥವಾಗುತ್ತದೆ, ಏಕೆಂದರೆ ನೀವೂ ಅಣೆಕಟ್ಟಿನ ಕೆಳಗಿನ ಊರಿನವರು. ನವಿಲುತೀರ್ಥದ ರೇಣುಕಾಸಾಗರ ನೀರಾವರಿಗೆ, ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರಿಗೆ ಕಟ್ಟಿದ್ದು. ಕಾಳಿಯ ಮೇಲಿನ ಸೂಪಾ, 101 ಮೀಟರ್ ಎತ್ತರದ್ದು, ವಿದ್ಯುತ್ತಿಗಾಗಿ ಕಟ್ಟಿದ್ದು. ಅಲ್ಲಿ ರಾಫ್ಟ್ ತೇಲುವುದು ಸೂಪಾದ ವಿದ್ಯುದಾಗಾರದಿಂದ ಹೊರಬಿಟ್ಟ ನೀರಿನ ಮೇಲೆ. ಅದಕ್ಕೇ ಸುತ್ತಲಿನ ಹಳ್ಳಗಳು ಒಣಗಿದ ಬೇಸಿಗೆಯಲ್ಲೂ ರಾಫ್ಟಿಂಗ್ ನಡೆಯುತ್ತದೆ. ಯಂತ್ರ ಎಷ್ಟು ತಿರುಗುತ್ತದೋ ಅಷ್ಟು ನೀರು, ನಿಂತರೆ ಇಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಸುದ್ದಿಯಲ್ಲಿ ಹತ್ತು ಸಾವಿರ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎರಡು ಲಕ್ಷ ಎಂಬತ್ತು ಸಾವಿರ ಲೀಟರ್ ನಿಮ್ಮೂರ ಮುಂದೆ ಹೋಗುತ್ತಿದೆ ಎಂದು ಲೆಕ್ಕ. ಗೈಡ್ ಆದವನು ದಿನ ಬೆಳಗಾದರೆ ಕೇಳಬೇಕಾದದ್ದು ಇವತ್ತು ನೀರು ಎಷ್ಟು, ಎಷ್ಟು ಹೊತ್ತಿಗೆ ಏರುತ್ತದೆ ಎಂಬುದನ್ನು. ಗೇಟಿನ ಸುದ್ದಿಗೆ ಕಿವಿ ಕೊಟ್ಟು ಬೆಳೆದ ಹುಡುಗನಿಗೆ ಇದು ರಕ್ತದಲ್ಲೇ ಬಂದಿರುತ್ತದೆ.

ಮೊಸಳೆಯ ಮಾತನ್ನೂ ಯಾರಾದರೂ ನಿಮ್ಮ ಕಿವಿಗೆ ಹಾಕಿಯೇ ಇರುತ್ತಾರೆ. ದಾಂಡೇಲಿ ಊರಿನ ಹತ್ತಿರ ಕಾಳಿಯ ನಿಧಾನ ನೀರಿನಲ್ಲಿ ಮೊಸಳೆಗಳಿರುವುದು ನಿಜ. ಅಲ್ಲಿ ದಂಡೆಗೆ ಇಳಿಯಬಾರದು ಎಂಬುದನ್ನು ಅಲ್ಲಿಯವರೇ ಹೇಳುತ್ತಾರೆ, ಅವನು ಕೇಳಬೇಕು. ರಾಫ್ಟಿಂಗ್ ನಡೆಯುವುದು ಅದಕ್ಕಿಂತ ಮೇಲಿನ, ಕಲ್ಲುಗಳ ಮಧ್ಯೆ ರಭಸದಿಂದ ಹರಿಯುವ ನೀರಿನಲ್ಲಿ.

ಹಾಗಾದರೆ ನಮ್ಮ ಹೊಳೆಯಲ್ಲಿ ಯಾಕೆ ಬೇಡ? ಈ ಭಾಗವನ್ನು ಮಗನಿಗೆ ಓದಲು ಕೊಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆಯ ಬೇರೆ ಹುಡುಗರೂ ಓದಲಿ ಎಂದು ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ವರ್ಷದ ಬಹುಪಾಲು ರಾಫ್ಟ್ ತೇಲಿಸುವಷ್ಟು ಹರಿಯುವುದಿಲ್ಲ. ಹರಿಯುವಾಗ ರಾಡಿನೀರು, ಬೇರುಸಮೇತ ತೇಲಿಬರುವ ಮರ, ಮುಳ್ಳುಕಂಟಿ, ಮುಳುಗಿದ ಹೊಲದ ಬೇಲಿಯ ತಂತಿ. ನೀರಿನೊಳಗೆ ಏನಿದೆ ಎಂದು ಯಾರಿಗೂ ಓದಲಾಗುವುದಿಲ್ಲ. ಇದೆಲ್ಲಕ್ಕಿಂತ ಕೆಟ್ಟದ್ದು ಹೊಳೆಗೆ ಅಡ್ಡ ಕಟ್ಟಿದ ಬಾಂದಾರ, ಬ್ಯಾರೇಜುಗಳು. ನೋಡಲು ಅವು ಸಾಧು. ಎರಡಾಳು ಎತ್ತರದಿಂದ ನೀರು ಒಂದೇ ಸಮ ಗೋಡೆಯಂತೆ ಇಳಿಯುತ್ತದೆ, ಕೆಳಗೆ ಒಂದು ಸಾಲು ನೊರೆ, ಅಷ್ಟೇ. ಆದರೆ ಬಿದ್ದ ನೀರು ತಳಕ್ಕೆ ಬಡಿದು ಮೇಲೆದ್ದು ಮತ್ತೆ ಗೋಡೆಯ ಕಡೆಗೇ ತಿರುಗಿ ಬರುತ್ತದೆ. ಅದರಲ್ಲಿ ಸಿಕ್ಕವನು ಮುಳುಗುತ್ತಾನೆ, ಏಳುತ್ತಾನೆ, ಹಿಂದಕ್ಕೆ ಎಳೆಯಲ್ಪಡುತ್ತಾನೆ, ಮತ್ತೆ ಮುಳುಗುತ್ತಾನೆ. ಕಾಡಿನ ನದಿಯ ಬಂಡೆಯ ಹಿಂದಿನ ಸುಳಿಗೆ ಎಲ್ಲೋ ಒಂದು ಬದಿಯಲ್ಲಿ ಬಾಯಿ ಇರುತ್ತದೆ, ತಪ್ಪಿಸಿಕೊಳ್ಳಬಹುದು. ಬಾಂದಾರದ ಸುಳಿ ಈ ದಡದಿಂದ ಆ ದಡದವರೆಗೆ ಒಂದೇ, ಬದಿಯಲ್ಲಿ ಸಿಮೆಂಟ್ ಗೋಡೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಲೈಫ್ ಜಾಕೆಟ್ ಕೂಡ ಪೂರ್ತಿ ಎತ್ತುವುದಿಲ್ಲ. ಈಜು ಬಲ್ಲವರು, ಕಾಪಾಡಲು ಹೋದವರು ಇಬ್ಬರೂ ಇಂಥಲ್ಲಿ ಹೋಗುತ್ತಾರೆ. ತರಬೇತಿ ಪಡೆದ ಗೈಡ್‌ಗಳು ಬಾಂದಾರ ಕಂಡರೆ ದೂರದಲ್ಲೇ ರಾಫ್ಟ್ ಎಳೆದು ಹೆಗಲ ಮೇಲೆ ಹೊತ್ತು ದಾಟುತ್ತಾರೆ. ಮಳೆಗಾಲದಲ್ಲಿ ನಮ್ಮ ಹುಡುಗರು ಬಾಂದಾರದ ಮೇಲಿಂದ ಜಿಗಿದು ವಿಡಿಯೊ ಮಾಡುವುದನ್ನು ನೋಡಿದವರು ದಯವಿಟ್ಟು ಕೂಗಿ ಎಬ್ಬಿಸಿ ಕಳಿಸಿ, ಬೈದರೂ ಅಡ್ಡಿಯಿಲ್ಲ.

ರೇಣುಕಾಸಾಗರದ ಹಿನ್ನೀರಿನಲ್ಲಿ ಬೇಸಿಗೆಯ ನಿಂತ ನೀರಿನ ಮೇಲೆ ಕಯಾಕಿಂಗ್‌ನಂಥದ್ದನ್ನು ಮುಂದೆ ಎಂದಾದರೂ ಅನುಮತಿ ಪಡೆದು ಮಾಡಲಿ, ಬೇಡವೆನ್ನುವುದಿಲ್ಲ. ಗೇಟಿನ ಕೆಳಗೆ ಮಾತ್ರ ಎಂದಿಗೂ ಅಲ್ಲ.

ಇನ್ನು ಇಪ್ಪತ್ತು ದಿನದ ಮಾತು. ಇಪ್ಪತ್ತು ದಿನದಲ್ಲಿ ಹುಟ್ಟು ಹಿಡಿಯುವುದು ಬರುತ್ತದೆ. ಒಂದೇ ಹೊಳೆಯ ಒಂದೇ ದಾರಿಯನ್ನು ಬಾಯಿಪಾಠ ಮಾಡಿಕೊಳ್ಳುವುದೂ ಬರಬಹುದು. ನೀರು ನಿನ್ನೆಗಿಂತ ಎರಡಡಿ ಏರಿದಾಗ ಆ ಬಾಯಿಪಾಠ ಕೈಕೊಡುತ್ತದೆ. ಅಂತರರಾಷ್ಟ್ರೀಯ ರಾಫ್ಟಿಂಗ್ ಒಕ್ಕೂಟ ಗೈಡ್‌ಗಳನ್ನು ಪರೀಕ್ಷೆ ಮಾಡಿ ಹಂತಹಂತವಾಗಿ ಪ್ರಮಾಣಪತ್ರ ಕೊಡುತ್ತದೆ. ಅದಕ್ಕೆ ಕೂರುವವರು ಯಾವ ನದಿಯಲ್ಲಿ ಯಾವ ದರ್ಜೆಯ ನೀರಿನಲ್ಲಿ ಎಷ್ಟು ಸಲ ಇಳಿದಿದ್ದಾರೆ ಎಂಬ ದಾಖಲೆ ಪುಸ್ತಕ ತೋರಿಸಬೇಕು. ಪರೀಕ್ಷೆಯಲ್ಲಿ ಮಗುಚಿದ ರಾಫ್ಟನ್ನು ನೀರಿನಲ್ಲೇ ತಿರುಗಿಸಬೇಕು, ಸೆಳವಿನಲ್ಲಿ ಈಜಬೇಕು, ಹಗ್ಗದ ಚೀಲವನ್ನು ಗುರಿಯಿಟ್ಟು ಎಸೆಯಬೇಕು. ಇದರ ಜೊತೆಗೆ ಹರಿಯುವ ನೀರಿನಲ್ಲಿ ರಕ್ಷಣೆ ಮಾಡುವ ಬೇರೆ ತರಬೇತಿ, ಪ್ರಥಮ ಚಿಕಿತ್ಸೆಯ ತರಬೇತಿ. ನೀರು ಕುಡಿದು ಉಸಿರು ನಿಂತವರಿಗೆ ಮೊದಲು ಬಾಯಿಯಿಂದ ಉಸಿರು ಊದಿ, ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು ಕೊಡುವ ಕ್ರಮವನ್ನು ನಿದ್ದೆಯಲ್ಲಿ ಕೇಳಿದರೂ ಕೈ ತಾನೇ ಮಾಡಬೇಕು. ಹಣ ಕೇಳುವವರು ಇದರಲ್ಲಿ ಯಾವುದನ್ನು ಕಲಿಸುತ್ತಾರೆ, ಯಾರು ಕಲಿಸುತ್ತಾರೆ, ಕಲಿಸುವವನ ಪ್ರಮಾಣಪತ್ರ ಎಲ್ಲಿ ಎಂದು ನಿಮ್ಮ ಮಗ ಕೇಳಲಿ. ಉತ್ತರ ಬರದಿದ್ದರೆ ಅಲ್ಲಿಂದ ಎದ್ದು ಬರಲಿ.

2022ರಲ್ಲಿ ಗಣೇಶಗುಡಿಯ ಹತ್ತಿರ ಮಿತಿ ಮೀರಿ ಜನರನ್ನು ತುಂಬಿಕೊಂಡ ರಾಫ್ಟ್ ಸೆಳವಿನಲ್ಲಿ ಸಿಕ್ಕಿಕೊಂಡ ದೃಶ್ಯ ಎಲ್ಲ ಕಡೆ ಹರಿದಾಡಿತ್ತು. ಅದರಲ್ಲಿದ್ದವರು ಬದುಕಿ ಬಂದರು. ನನಗೆ ಆ ಸುದ್ದಿಯಲ್ಲಿ ಕಂಡದ್ದು ಹಿಂದೆ ಕೂತ ಹುಡುಗನ ಜಾಗ. ಇಷ್ಟು ಜನರನ್ನು ಕೂರಿಸಿಕೊಂಡು ಹೋಗಲಾರೆ ಎಂದು ದಡದಲ್ಲೇ ಹೇಳಲು ಯಾವ ಗೈಡ್‌ಗೆ ಸಾಧ್ಯ? ಆ ಸಂಸ್ಥೆಯ ಕೆಲಸ ಬಿಟ್ಟರೂ ಬೇರೆ ಕಡೆ ಕೆಲಸ ಸಿಗುವಷ್ಟು ಕಲಿತವನಿಗೆ ಮಾತ್ರ. ಕೈಯಲ್ಲಿ ಪದವಿ ಇರುವವನಿಗೆ ಇನ್ನೂ ಸುಲಭ. ಪರೀಕ್ಷೆ ಮುಗಿಸಲಿ ಎಂದು ನಾನು ಹಟ ಮಾಡುವುದು ಅದಕ್ಕಾಗಿ. ಮುಂದೊಂದು ದಿನ ಕುಡಿದು ಬಂದ ಗುಂಪನ್ನು ರಾಫ್ಟಿಗೆ ಹತ್ತಿಸಲಾರೆ ಎಂದು ಅವನು ಹೇಳಬೇಕಾಗುತ್ತದೆ, ಆವತ್ತು ಅವನ ಬೆನ್ನ ಹಿಂದೆ ಬೇರೊಂದು ದಾರಿ ತೆರೆದಿರಬೇಕು.

ದಾರಿ ಹೀಗಿರಲಿ. ಪರೀಕ್ಷೆ ಮುಗಿದ ತಕ್ಷಣ ಬೆಳಗಾವಿಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಹೋಗಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಜಲಸಾಹಸ ತರಬೇತಿಗಳನ್ನು ವಿಚಾರಿಸಲಿ. ಅದು ನಮ್ಮ ರಾಜ್ಯ ಸರ್ಕಾರದ್ದೇ. ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ, ಅಲ್ಲಿ ಜೀವರಕ್ಷಣೆಯ ಕೋರ್ಸ್ ನಡೆಯುತ್ತದೆ. ಬೆಳಗಾವಿಯಿಂದ ಅದು ದೂರವೇನಲ್ಲ. ಹಾಗೆಯೇ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ‘ಆಪದ್ ಮಿತ್ರ’ದ ಬಗ್ಗೆ ಕೇಳಲಿ. ಊರಿನ ಯುವಕರಿಗೇ ಪ್ರವಾಹ ರಕ್ಷಣೆ ಕಲಿಸಲೆಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ರೂಪಿಸಿದ 12 ದಿನದ ತರಬೇತಿ ಅದು. ಮುಂದಿನ ತಂಡ ಯಾವಾಗ ಎಂದು ಕೇಳಿ ಹೆಸರು ಕೊಟ್ಟು ಬರಲಿ. ನನ್ನ ಮಟ್ಟಿಗೆ ನಿಮ್ಮ ಮಗನಿಗೆ ಇದೇ ಮೊದಲ ಮೆಟ್ಟಿಲು. ಆಮೇಲೆ ಅಕ್ಟೋಬರ್ ನವೆಂಬರಿಗೆ ಕಾಳಿಯಲ್ಲಿ ಋತು ಶುರುವಾದಾಗ ಒಂದು ಪೂರ್ತಿ ಋತು ಹಿರಿಯ ಗೈಡ್‌ನ ಕೈಕೆಳಗೆ ಕಲಿಯುವವನಾಗಿ ಇರಲಿ, ಜನರನ್ನು ಕೂರಿಸಿಕೊಂಡು ಒಬ್ಬನೇ ಇಳಿಯದೆ. ದಾಖಲೆ ಪುಸ್ತಕ ಮೊದಲ ದಿನದಿಂದಲೇ ಬರೆಯಲಿ. ಇಷ್ಟೆಲ್ಲ ಆದ ಮೇಲೂ ಮನಸ್ಸು ಅಲ್ಲೇ ಇದ್ದರೆ ಋಷಿಕೇಶದ ಗಂಗೆಗೆ ಹೋಗಿ ದೊಡ್ಡ ನೀರು ಕಲಿಯಬಹುದು.

ಹೊಟ್ಟೆಪಾಡಿನ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ನಿಮ್ಮ ಯಜಮಾನರ ತಲೆಯಲ್ಲಿ ಅದೇ ಇರುತ್ತದೆ. ಇದು ವರ್ಷವಿಡೀ ಒಂದೇ ಊರಲ್ಲಿ ಸಿಗುವ ಕೆಲಸವಲ್ಲ. ಕಾಳಿಯಲ್ಲಿ ಮಳೆಗಾಲ ಬರುವ ತನಕ. ಮಳೆ ಹಿಡಿದ ಮೇಲೆ ಬರಪೊಳೆ, ಅಥವಾ ನಮ್ಮದೇ ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವಾಕ್ಕೆ ಇಳಿಯುವ ಮಹದಾಯಿ. ಗಂಗೆಯಲ್ಲಿ ಜುಲೈ, ಆಗಸ್ಟ್ ಬಂದ್. ಅನುಭವಿ ಗೈಡ್‌ಗಳು ನೀರಿನ ಹಿಂದೆ ಊರೂರು ತಿರುಗುತ್ತಾರೆ. ನೇಕಾರಿಕೆಯಲ್ಲಿ ಕೆಲಸವಿಲ್ಲದ ತಿಂಗಳುಗಳನ್ನು ದಾಟಿಸಿದ ಮನೆ ನಿಮ್ಮದು, ಲೆಕ್ಕ ನಿಮಗೆ ಹೇಳಿಕೊಡಬೇಕಿಲ್ಲ. ಸಂಬಳ ತಿಂಗಳಿಗೋ, ಇಳಿದ ಸಲಕ್ಕೋ, ಕೆಲಸವಿಲ್ಲದ ತಿಂಗಳು ಏನು, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು, ಇದನ್ನು ಬರಹದಲ್ಲಿ ಕೇಳಲಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅವನ ಹೆಸರಿನಲ್ಲಿ ಇರಲಿ, 2 ಲಕ್ಷದ ಅಪಘಾತ ವಿಮೆ. ಅದಷ್ಟೇ ಸಾಲದು, ಸಂಸ್ಥೆಯೂ ವಿಮೆ ಮಾಡಿಸಬೇಕು. ಮಾಡಿಸದ ಕಡೆ ಅವನು ಕೆಲಸಕ್ಕೆ ನಿಲ್ಲಬಾರದು.

ಬೇಡ ಎಂದರೆ ಹೇಳದೆ ಹೋದಾನು ಎಂದಿದ್ದೀರಿ. ಹೋಗಬಹುದು. ಹೋದರೆ ಆ ಇಪ್ಪತ್ತು ದಿನದವರ ಹತ್ತಿರವೇ ಹೋಗುತ್ತಾನೆ, ಏಕೆಂದರೆ ಮನೆಯವರ ಸಹಿ ಕೇಳದವರು ಅವರೇ. ನೀವು ಜೊತೆಗಿದ್ದರೆ ಮಾತ್ರ ಅವನು ನಿಧಾನದ ದಾರಿ ಹಿಡಿಯುತ್ತಾನೆ. ಅದಕ್ಕೆ ಅವನ ಜೊತೆ ಹೀಗೆ ಮಾತಾಡಿ: ‘ನಾ ಹೆದರೀನಿ, ಹೆದರಿಕಿ ಹೋಗೂದಿಲ್ಲ. ಆದ್ರ ನಿನ್ನ ತಡಿಯೂದಿಲ್ಲ. ನನಗ ಮೂರು ಮಾತು ಕೊಡು. ಪರೀಕ್ಷಾ ಬರಿ. ಕಾಪಾಡೂದ ಮೊದಲು ಕಲಿ, ನಡಸೂದ ಆಮ್ಯಾಗ. ನಿನಗ ಸರಿ ಕಾಣದ ನೀರಿಗೆ ಯಾರು ಹೇಳಿದ್ರೂ ಇಳೀಬ್ಯಾಡ.’ ಇದನ್ನು ಅತ್ತು ಹೇಳಿದರೂ ಸರಿ. ಆಣೆ ಮಾತ್ರ ಹಾಕಬೇಡಿ. ಎಲ್ಲಮ್ಮನ ಹೆಸರಿನಲ್ಲಿ ಆಣೆ ಹಾಕಿಸಿಕೊಂಡ ಹುಡುಗ ಕಷ್ಟ ಬಂದಾಗ ಮನೆಗೆ ಫೋನ್ ಮಾಡುವುದಿಲ್ಲ, ಮುಚ್ಚಿಡುತ್ತಾನೆ.

ಯಜಮಾನರನ್ನು ಮಾತಿಗೆ ಎಳೆಯಲು ವಾದ ಕೆಲಸ ಮಾಡದು. ಡಿಸೆಂಬರ್ ಜನವರಿಯಲ್ಲಿ, ಮಗ ಅಲ್ಲಿರುವಾಗ, ಅವರನ್ನು ಕರೆದುಕೊಂಡು ಗಣೇಶಗುಡಿಗೆ ಹೋಗಿ ಬನ್ನಿ. ರಾಫ್ಟ್ ಹತ್ತಬೇಕಾಗಿಲ್ಲ, ದಡದಲ್ಲಿ ನಿಂತು ನೋಡಿದರೆ ಸಾಕು. ಇಳಿಯುವ ಮೊದಲು ಗೈಡ್ ಎಲ್ಲರಿಗೂ ಬಿದ್ದರೆ ಏನು ಮಾಡಬೇಕೆಂದು ನಿಧಾನವಾಗಿ ಹೇಳುತ್ತಾನೋ, ಗಡಿಬಿಡಿ ಮಾಡುತ್ತಾನೋ ನೋಡಿ. ಪ್ರತಿಯೊಬ್ಬರ ಜಾಕೆಟ್ಟನ್ನು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ಪರೀಕ್ಷಿಸುತ್ತಾನೋ ನೋಡಿ. ಎಳೆದಾಗ ಅದು ಕಿವಿಯ ತನಕ ಬಂದರೆ ಸಡಿಲಾಗಿದೆ ಎಂದರ್ಥ. ಎಲ್ಲರ ತಲೆಗೂ ಹೆಲ್ಮೆಟ್ ಇದೆಯೇ, ರಾಫ್ಟಿನ ಜೊತೆ ರಕ್ಷಣೆಗೆಂದು ಬೇರೆ ಕಯಾಕ್ ಇಳಿಯುತ್ತದೆಯೇ, ಯಾರನ್ನಾದರೂ ಇವತ್ತು ಬೇಡ ಎಂದು ವಾಪಸ್ ಕಳಿಸಿದರೇ ಎಂದು ಕೇಳಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿ ಹೊರಡಿಸಿದೆ, ರಾಫ್ಟಿಂಗ್ ಅದರಲ್ಲಿದೆ. ಅದು ತಮ್ಮಲ್ಲಿ ಇದೆಯೇ ಎಂದು ಮಾಲೀಕರನ್ನೇ ಕೇಳಬಹುದು, ಕೇಳಲು ತಾಯಿಗಿಂತ ಹೆಚ್ಚಿನ ಅಧಿಕಾರ ಯಾರಿಗೂ ಇಲ್ಲ. ನೋಡಿದ್ದು ಸರಿಯಿಲ್ಲ ಅನಿಸಿದರೆ ಅಲ್ಲೇ, ಮಗನ ಎದುರಿಗೇ ಹೇಳಿ. ಆ ಜಾಗ ಬೇಡ, ಬೇರೆ ಜಾಗ ಹುಡುಕೋಣ ಎಂದು. ಧಾರವಾಡದಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಬಸ್ಸುಗಳಿವೆ, ಗಣೇಶಗುಡಿ ಅಲ್ಲಿಂದ ಮುಂದೆ. ಬೆಳಗಿನ ರಾಫ್ಟುಗಳು ಬೇಗ ಇಳಿಯುತ್ತವೆ, ಹಿಂದಿನ ರಾತ್ರಿಯೇ ದಾಂಡೇಲಿ ಸೇರಿಕೊಳ್ಳಿ.